ಕೊನೆಯ ಗುಟುಕಿನ ಬೂದಿ

“ಮೂಗಿಗೆ ಏನೂ ಸಿಗಲ್ಲ ಸಾರ್. ಕುಡೀರಿ. ನುಂಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನಿರಿ,” ಎಂದ ದರ್ಜಿ.

ಪತ್ತೇದಾರ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ತೆಳುವಾದ ಕೆಂಪು. ಆಚೆಗಿದ್ದ ಹೊಲಿಗೆ ಯಂತ್ರದ ಚಕ್ರ ಅದರೊಳಗಿಂದಲೇ ಕಾಣುತ್ತಿತ್ತು. ಮೂಗಿನ ಹತ್ತಿರ ತಂದ. ಹುಳಿ ಚೆರ್ರಿ, ಒದ್ದೆ ಮಣ್ಣು, ಎಲ್ಲೋ ಹಿಂದೆ ಲವಂಗ. ಒಂದು ಗುಟುಕನ್ನು ಬಾಯೊಳಗೆ ಹೊರಳಿಸಿ ನುಂಗಿದ. ನಾಲಿಗೆಯ ಅಂಚಿನಲ್ಲಿ ಹಿತವಾದ ಹುಳಿ ಉಳಿಯಿತು. ಅಷ್ಟೇ.

“ಬಂತಾ ಸಾರ್?”

“ಏನು?”

“ಬೂದಿ.”

ಪತ್ತೇದಾರ ಇನ್ನೊಂದು ಗುಟುಕು ತೆಗೆದುಕೊಂಡ. ಮತ್ತೆ ಅದೇ ಚೆರ್ರಿ, ಅದೇ ಮಣ್ಣು. ಬೂದಿ ಎಳ್ಳಷ್ಟೂ ಇಲ್ಲ.

“ನನಗೇನೂ ಗೊತ್ತಾಗ್ತಿಲ್ಲಪ್ಪ.”

ದರ್ಜಿ ತನ್ನ ಲೋಟವನ್ನು ಎತ್ತಿದ. ಕುಡಿದ, ಕಣ್ಣು ಮುಚ್ಚಿಕೊಂಡ. ಮೊದಲು ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ದವಡೆ ಬಿಗಿಯಿತು. ಕತ್ತರಿ ಹಿಡಿದು ಹಿಡಿದು ಗಂಟುಕಟ್ಟಿದ ಬೆರಳುಗಳು ಮೇಜಿನ ಅಂಚನ್ನು ಹಿಡಿದುಕೊಂಡವು.

“ಆರಿದ ಒಲೆಗೆ ಬಾಯಿ ಹಾಕಿ ಊದಿದ ಹಾಗೆ ಸಾರ್. ಗಂಟಲಿನಿಂದ ವಾಪಸ್ ಮೇಲೆ ಬರುತ್ತೆ. ಗುರುತು ಹಿಡಿಯೋಕೆ ಅಂತ ಪೊಲೀಸರು ನನ್ನ ಕರೆದಿದ್ರಲ್ಲ, ಆವತ್ತು ಅವಳ ಕೂದಲಲ್ಲಿ ಇದೇ ವಾಸನೆ ಇತ್ತು.”

ಸತ್ತ ಹೆಂಡತಿಗೆ ಅಂಟಿಕೊಂಡ ‘ಬೆಂಕಿ ಹಚ್ಚಿದವಳು’ ಎಂಬ ಹೆಸರನ್ನು ಕಿತ್ತುಹಾಕಿಕೊಡಿ ಎಂದು ಈ ದರ್ಜಿ ಬಂದು ಬಾಗಿಲು ತಟ್ಟಿದಾಗಿನಿಂದ ಪತ್ತೇದಾರನಿಗೆ ಕೈಗೆ ಸಿಕ್ಕಿದ್ದು ಬರೀ ಹೊಗೆ.

ಅವಳು ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದವಳು. ತೋಟ ತವರಿನದು. ವೈನ್ ಮಾಡುವವನು ಒಡಹುಟ್ಟಿದ ಅಣ್ಣ. ಕಳೆದ ವರ್ಷ ಕೊಯ್ಲಿನ ಕಾಲದಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು. ಮೇಲಿನ ತೋಟ ಉರಿದುಹೋಯಿತು, ಪಕ್ಕದ ಇಳಿಜಾರಿನ ಮನೆಗಳೂ ಹೋದವು. ಇವಳ ದೇಹ ಮೇಲಿನ ತೋಟದ ನೀರಿನ ತೊಟ್ಟಿಯ ಬಳಿ ಸಿಕ್ಕಿತು. ಬೆಂಕಿ ಅವಳನ್ನು ಮುಟ್ಟಿರಲಿಲ್ಲ, ಹೊಗೆಯೇ ಮುಗಿಸಿತ್ತು. ಅಣ್ಣ ಪೊಲೀಸರ ಮುಂದೆ ಹೇಳಿದ್ದು ಇಷ್ಟು: ಮೇಲಿನ ತೋಟದ ಹಣ್ಣೆಲ್ಲ ಮುಂಚೆಯೇ ಕೊಯ್ದು ಶೆಡ್ಡಿಗೆ ಬಂದಿತ್ತು. ಅಲ್ಲಿ ಯಾರಿಗೂ ಕೆಲಸವಿರಲಿಲ್ಲ. ತಂಗಿ ಒಣ ಕಸ ಸುಡಲು ಒಬ್ಬಳೇ ಹೋಗಿರಬೇಕು, ಕಿಡಿ ಗಾಳಿಗೆ ಹಾರಿರಬೇಕು.

ಸತ್ತವರ ಬಾಯಿಗೆ ಮಾತು ಬರುವುದಿಲ್ಲ. ಕಡತ ಮುಚ್ಚಿತು.

ಆಮೇಲೆ ಪೇಟೆಯ ಜನ ದರ್ಜಿಗೆ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟರು. ಅಳತೆ ಕೊಟ್ಟು ಹೋದವರು ಬಂದು, ಹೊಲಿಯದ ಬಟ್ಟೆಯನ್ನು ಹಾಗೇ ಮಡಚಿ ತೆಗೆದುಕೊಂಡು ಹೋದರು. ಮನೆ ಕಳೆದುಕೊಂಡ ಮುದುಕನೊಬ್ಬ ಅಂಗಡಿಯ ಎದುರು ನಿಂತು, ಬೈಯಲೂ ಇಲ್ಲದೆ, ಬಹಳ ಹೊತ್ತು ನೋಡಿ ಹೋಗಿದ್ದ. ಬೈದಿದ್ದರೆ ವಾಸಿಯಿತ್ತು ಎಂದು ದರ್ಜಿ ಹೇಳಿಕೊಂಡಿದ್ದ.

ಈಗ ಮೇಲಿನ ತೋಟದ ಆ ಕೊಯ್ಲಿನ ವೈನ್ ಅಂಗಡಿಗೆ ಬಂದಿದೆ. ಗಂಡ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಒಂದು ಬಾಟಲಿ ಕೊಂಡು ತಂದಿದ್ದಾನೆ.

“ಅವಳು ಕೈಯಿಂದ ಮುಟ್ಟಿದ ಕೊನೇ ಹಣ್ಣು ಇದು ಸಾರ್. ಕುಡಿದು, ಅತ್ತು, ಮುಗಿಸಿಬಿಡೋಣ ಅಂತ ತಂದೆ. ಇದು ನೋಡಿದ್ರೆ ಹೀಗೆ.”

ಪತ್ತೇದಾರ ಬಾಟಲಿಯನ್ನು ತಿರುಗಿಸಿದ. ಹಗುರವಾದ ಗಾಜು, ತಿರುಪಿನ ಮುಚ್ಚಳ, ಆಡಂಬರವಿಲ್ಲದ ಬಿಳಿ ಚೀಟಿ. ಪಿನೊ ನ್ವಾರ್ ಎಂದು ದ್ರಾಕ್ಷಿಯ ಜಾತಿ ಬರೆದಿತ್ತು. ಬೆನ್ನಿಗೆ ಮೊದಲೆಲ್ಲ ‘ಅಣ್ಣ ತಂಗಿ ಸೇರಿ ಬೆಳೆಸಿದ್ದು’ ಎಂಬ ಸಾಲು ಇರುತ್ತಿತ್ತಂತೆ. ಈ ಸಲ ಆ ಜಾಗ ಖಾಲಿ.

“ಇಷ್ಟು ಅಗ್ಗಕ್ಕೆ ಹೇಗೆ ಕೊಡ್ತಾರೆ? ಈ ದ್ರಾಕ್ಷಿ ದುಡ್ಡಿದ್ದೋರ ಪಾಲಿನದು ಅಂತ ಕೇಳಿದ್ದೆ.”

ದರ್ಜಿಯ ಮುಖ ಸ್ವಲ್ಪ ಸಡಿಲವಾಯಿತು. “ಅದು ನಮ್ಮ ಮಾವನ ಹಠ ಸಾರ್. ಬಸ್ಸಿನ ಮೆಕ್ಯಾನಿಕ್ ಆಗಿದ್ರು. ಆ ಗುಡ್ಡದ ಬೆನ್ನು ಯಾರಿಗೂ ಬೇಡವಾಗಿತ್ತು. ಮಧ್ಯಾಹ್ನದ ತನಕ ಮಂಜು. ಅಲ್ಲಿ ಮೇಕೆಗೂ ಹಲ್ಲು ಕಟಕಟ ಅನ್ನುತ್ತೆ ಅಂತ ಜನ ನಗ್ತಿದ್ರು. ಇವರು ಬಳ್ಳಿ ನೆಡೋಕೆ ಮುಂಚೆನೇ ಹಳೇ ಪೀಪಾಯಿ ತಂದು ಶೆಡ್ಡಲ್ಲಿ ಸಾಲಾಗಿ ಇಟ್ರಂತೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಗಾದೆ ಇದೆಯಲ್ಲ, ಕುಲಾವಿ ಅಂತಲೇ ಅವರಿಗೆ ಹೆಸರು ಬಿತ್ತು.”

“ಆಮೇಲೆ?”

“ಕೂಸು ಹುಟ್ಟಿತು. ಈ ಜಾತಿ ಹಣ್ಣಿಗೆ ಚಳಿ ಬೇಕಂತೆ. ಬಿಸಿಲು ಜಾಸ್ತಿಯಾದ್ರೂ ಮುನಿಸು, ಮಳೆ ಬಂದ್ರೂ ಮುನಿಸು. ‘ಇದು ಮನೆಗೆ ಬಂದ ಹೊಸ ಅಳಿಯನ ಹಾಗೆ, ತಣ್ಣಗಿಟ್ರೆ ಮಾತ್ರ ಒಲೀತಾನೆ’ ಅಂತ ನನ್ನ ಮುಖ ನೋಡ್ಕೊಂಡೇ ಹೇಳೋರು. ಭಾರದ ಬಾಟಲಿ ಬೇಡ, ಹೊಸ ಪೀಪಾಯಿ ಬೇಡ. ಬಸ್ ಓಡಿಸೋನು ಮನೆಗೆ ಹೋಗ್ತಾ ಒಂದು ಬಾಟಲಿ ಕಂಕುಳಲ್ಲಿ ಇಟ್ಕೊಂಡು ಹೋಗೋ ಹಾಗಿರ್ಬೇಕು ಅನ್ನೋರು. ಅವರು ಹೋದ ಮೇಲೆ ತೋಟ ಇವಳ ಕೈಗೆ ಬಂತು, ಪೀಪಾಯಿ ಭಾವನ ಕೈಗೆ. ಜಗಳ ಅಂತ ಆದ್ರೆ ಒಂದೇ ವಿಷಯಕ್ಕೆ ಸಾರ್. ಇವಳು ಕೊಯ್ಯೋಣ ಅನ್ನೋಳು, ಅವನು ಇನ್ನೂ ಹುಳಿ ಇದೆ, ತಡಿ ಅನ್ನೋನು.”

ಅವನು ಬಾಟಲಿಯ ಮುಚ್ಚಳವನ್ನು ತಿರುಗಿಸಿ ಮುಚ್ಚಿದ. ಮುಚ್ಚಿದ ಮೇಲೂ ಕೈ ತೆಗೆಯಲಿಲ್ಲ.

“ನಾನು ಹುಚ್ಚನಾಗ್ತಿದೀನಾ ಸಾರ್?”

ದುಃಖದಲ್ಲಿರುವವನ ನಾಲಿಗೆ ಏನು ಬೇಕಾದರೂ ರುಚಿ ನೋಡುತ್ತದೆ ಎಂದು ಪತ್ತೇದಾರನಿಗೆ ಗೊತ್ತಿತ್ತು. ಆದರೂ ಬಾಟಲಿಯನ್ನು ಕೋಟಿನೊಳಗೆ ಇಟ್ಟುಕೊಂಡ. ಪೊಲೀಸ್ ಇಲಾಖೆಯಲ್ಲಿದ್ದಾಗ ಅವನಿಗೆ ಬಸವನಹುಳು ಎಂದು ಅಡ್ಡಹೆಸರು. ನಿಧಾನಿ ಎಂದು ನಗುತ್ತಿದ್ದವರು, ಅವನು ಮುಟ್ಟದೆ ಬಿಟ್ಟ ಜಾಗವನ್ನು ಮಾತ್ರ ತೋರಿಸಲಾರದೆ ಹೋಗಿದ್ದರು.

ಪ್ರಯೋಗಾಲಯದಲ್ಲಿದ್ದ ಹಳೆಯ ಗೆಳತಿ ಆ ವಾರದ ಕೊನೆಗೆ ಫೋನ್ ಮಾಡಿದಳು.

“ಲೋ, ನೀನು ಕುಡಿದ್ಯಾ ಇದನ್ನ?”

“ಕುಡಿದೆ. ಚೆನ್ನಾಗಿತ್ತು.”

“ನಿನಗೆ ಚೆನ್ನಾಗೇ ಇರುತ್ತೆ. ಕೆಲವರ ನಾಲಿಗೆಗೆ ಈ ರುಚಿ ತಿಳಿಯೋದೇ ಇಲ್ಲ, ಹುಟ್ಟಿನಿಂದಲೇ ಹಾಗೆ. ನಿನ್ನ ದರ್ಜಿ ಹುಚ್ಚನಲ್ಲ ಕಣೋ. ಅದು ದುಃಖದ ರುಚಿಯಲ್ಲ, ಹೊಗೆಯ ರುಚಿ.”

“ಪೀಪಾಯಿಯ ಒಳಮೈ ಸುಡ್ತಾರಲ್ಲ, ಅದರದ್ದಾ?”

“ಅಲ್ಲ. ಅದಕ್ಕೆ ಬೇರೆ ಗುರುತು. ಇದು ಹಣ್ಣು ಬಳ್ಳಿಯ ಮೇಲಿದ್ದಾಗಲೇ ಹೊಡೆದ ಹೊಗೆ. ಈ ದ್ರಾಕ್ಷಿಯ ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳು. ಹೊಗೆ ಒಳಗೆ ಹೋಗಿ ಹಣ್ಣಿನ ಸಕ್ಕರೆಗೆ ಅಂಟಿಕೊಂಡು ಕೂತುಬಿಡುತ್ತೆ. ಆಗ ಮೂಗಿಗೂ ಸಿಗಲ್ಲ, ನಾಲಿಗೆಗೂ ಸಿಗಲ್ಲ. ಬಾಟಲಿಯಲ್ಲಿ ಕೂತು ಕೂತು ಸ್ವಲ್ಪ ಬಿಡಿಸಿಕೊಳ್ಳುತ್ತೆ. ಉಳಿದದ್ದು ಬಾಯಿಯ ಎಂಜಲು ತಾಗಿದಾಗ. ಅದಕ್ಕೇ ನುಂಗಿದ ಮೇಲೆ ಬರೋದು.”

“ಅವರದೇ ಕೆಳಗಿನ ತೋಟದ, ಅದೇ ವರ್ಷದ ಬಾಟಲಿನೂ ಕಳಿಸಿದ್ದೆನಲ್ಲ?”

“ಅದು ಕನ್ನಡಿ ಹಾಗಿದೆ. ಶುದ್ಧ.”

ಪತ್ತೇದಾರ ಫೋನ್ ಇಟ್ಟ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಬೆಂಕಿ ಬೀಳುವ ಮುಂಚೆ ಆ ಗುಡ್ಡದ ಮೇಲೆ ಆಕಾಶ ತೊಳೆದಿಟ್ಟ ಹಾಗಿತ್ತು ಎಂದು ಸಾಕ್ಷಿಗಳೆಲ್ಲ ಹೇಳಿದ್ದರು. ಅಣ್ಣನೂ ಹೇಳಿದ್ದ. ಹಾಗಾದರೆ ಗುಡ್ಡ ಉರಿಯುವಾಗ ಮೇಲಿನ ತೋಟದ ಹಣ್ಣು ಬಳ್ಳಿಯಲ್ಲೇ ಇತ್ತು. ಆ ಹೊಗೆಯೊಳಗೆ ಯಾರೋ ನಿಂತು ಅದನ್ನು ಕೊಯ್ದಿದ್ದರು.

ವೈನರಿಯ ಗೇಟಿನ ಮುಂದೆ ಕಾರು ನಿಂತಾಗ ದರ್ಜಿ ಇಳಿಯಲಿಲ್ಲ.

“ಮಣ್ಣು ಮಾಡಿದ ದಿನದಿಂದ ಈ ಗೇಟು ದಾಟಿಲ್ಲ ಸಾರ್. ನೀವು ಹೋಗಿ ಬನ್ನಿ. ಇಲ್ಲೇ ಇರ್ತೀನಿ.”

ಮಧ್ಯಾಹ್ನದ ಮಂಜು ಆಗಷ್ಟೇ ಹರಿಯುತ್ತಿತ್ತು. ಕೆಳಗಿನ ತೋಟದಲ್ಲಿ ಬಳ್ಳಿಗಳು ಹಸಿರಾಗಿದ್ದವು. ಅದರ ಮೇಲಿನ ಇಳಿಜಾರಿನಲ್ಲಿ ಬಳ್ಳಿಯಿಲ್ಲದ ಕಂಬಗಳು ಮಾತ್ರ, ಕರಕಲಾಗಿ, ಹಲ್ಲು ಮುರಿದ ಬಾಚಣಿಗೆಯ ಹಾಗೆ ನಿಂತಿದ್ದವು. ನಡುವೆ ಕಳೆ ಎದ್ದಿತ್ತು. ಯಾರೂ ಕಿತ್ತಿರಲಿಲ್ಲ.

ಅಣ್ಣ ಬಾಗಿಲಿಗೇ ಬಂದು ಬರಮಾಡಿಕೊಂಡ. ದೊಡ್ಡ ಆಳು, ಮೆಲುದನಿ. ಅಂಗೈಯ ಗೆರೆಗಳಲ್ಲಿ ದ್ರಾಕ್ಷಿಯ ಕಲೆ ಮಾಸದ ಮಸಿಯಾಗಿ ಕೂತಿತ್ತು. ಪೀಪಾಯಿಗಳ ಸಾಲಿನ ಪಕ್ಕ ಹಲಗೆ ಹಾಸಿದ ಮೇಜು, ಅದರ ಮೇಲೆ ಲೋಟಗಳು, ಉಗುಳಲು ಒಂದು ತಗಡಿನ ಬಕೆಟ್.

“ಬನ್ನಿ, ಇನ್ಸ್‌ಪೆಕ್ಟ್ರೇ. ರಿಟೈರ್ ಆದ್ರೂ ಹಾಗೇ ಕರೀತೀನಿ, ಬೇಜಾರಿಲ್ಲ ತಾನೇ? ಏನೇ ಕೇಳೋದಿದ್ರೂ ಮೊದಲು ಒಂದು ಗುಟುಕು. ನಮ್ಮ ವೈನ್‌ಗೆ ದೊಡ್ಡವರು ಚಿಕ್ಕವರು ಅನ್ನೋದಿಲ್ಲ, ಯಾರ ಜೊತೆ ಬೇಕಾದ್ರೂ ಕೂರುತ್ತೆ.”

ಅತಿಥಿಯ ಲೋಟಕ್ಕೆ ಮೇಲಿನ ತೋಟದ ಹೊಸ ಬಾಟಲಿಯಿಂದ ಸುರಿದ. ತನ್ನ ಲೋಟಕ್ಕೆ ಸುರಿಯುವಾಗ ಕೈ ಇನ್ನೊಂದು ಬಾಟಲಿಗೆ ಹೋಯಿತು.

“ನೀವು ಬೇರೆದು ಹಾಕ್ಕೊಂಡ್ರಿ.”

“ಹಳೇದು ಉಳಿದಿತ್ತು, ಮುಗಿಸ್ಬೇಕಲ್ಲ.”

“ಇದನ್ನ ಒಂದು ಗುಟುಕು ನನ್ನ ಜೊತೆ ತಗೊಳ್ಳಿ.”

“ಬೆಳಿಗ್ಗೆಯಿಂದ ಹೊಟ್ಟೆ ಸರಿಯಿಲ್ಲ.”

“ಹಾಗಾದ್ರೆ ಹಳೇದೂ ಬೇಡ ಅಲ್ವಾ?”

ಅಣ್ಣ ನಕ್ಕ. ನಗು ಅರ್ಧಕ್ಕೇ ನಿಂತಿತು. ಪತ್ತೇದಾರ ತನ್ನ ಲೋಟವನ್ನು ಮೇಜಿನ ಮೇಲೆ ಮೆಲ್ಲಗೆ ಅವನ ಕಡೆ ತಳ್ಳಿದ.

“ನನ್ನ ನಾಲಿಗೆಗೆ ಬೂದಿ ಹತ್ತಲ್ಲ ಅಂತ ಗೊತ್ತಾಯ್ತು. ನಿಮ್ಮ ನಾಲಿಗೆಗೆ ಹತ್ತುತ್ತಾ?”

ಪೀಪಾಯಿಗಳ ಹಿಂದೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

“ಯಾರು ಹೇಳಿದ್ದು?”

“ನಿಮ್ಮ ಭಾವ ಹೇಳಿದ. ಆಮೇಲೆ ಪ್ರಯೋಗಾಲಯ ಹೇಳಿತು.”

“ಆವತ್ತು ಹೊಗೆ ಈ ಶೆಡ್ಡೊಳಗೂ ತುಂಬಿತ್ತು,” ಅಣ್ಣ ತಡವರಿಸದೆ ಹೇಳಿದ. ಬಹಳ ಹಿಂದೆಯೇ ಸಿದ್ಧ ಮಾಡಿಟ್ಟುಕೊಂಡ ಮಾತಿನ ಹಾಗಿತ್ತು. “ಹಣ್ಣು ತೊಟ್ಟಿಯಲ್ಲಿತ್ತು. ಹಿಡಿದಿರಬಹುದು.”

“ಕೆಳಗಿನ ತೋಟದ್ದೂ ಇದೇ ಶೆಡ್ಡಲ್ಲಿ, ಪಕ್ಕದ ತೊಟ್ಟಿಯಲ್ಲೇ ಇತ್ತು. ಅದಕ್ಕೆ ಯಾಕೆ ಹಿಡೀಲಿಲ್ಲ?”

ಅಣ್ಣ ಮೇಜಿನ ಮೇಲಿದ್ದ ಖಾಲಿ ಲೋಟಗಳನ್ನು ಸಾಲಾಗಿ ಸರಿಸಿಟ್ಟ.

“ಬೆಂಕಿ ಬಿದ್ದಾಗ ಮೇಲಿನ ಹಣ್ಣು ಕೊಯ್ದಿರಲಿಲ್ಲ. ನಿಮ್ಮ ತಂಗಿ ಕಸ ಸುಡೋಕೆ ಹೋಗಿರಲಿಲ್ಲ. ಹಣ್ಣು ಕೊಯ್ಯೋಕೆ ಹೋಗಿದ್ರು. ಒಬ್ಬರೇ ಇರಲೂ ಇಲ್ಲ. ಅಷ್ಟು ಹಣ್ಣು ಒಬ್ಬರ ಕೈಯಲ್ಲಿ ಇಳಿಯಲ್ಲ.”

ಅಣ್ಣ ಮೇಜಿನ ಮೇಲಿದ್ದ ಅತಿಥಿಯ ಲೋಟವನ್ನು ತಾನೇ ತೆಗೆದುಕೊಂಡ. ಒಂದು ಗುಟುಕು ಕುಡಿದು ಕಾದ. ಬಕೆಟ್ಟಿನ ಕಡೆ ನೋಡಿದ, ಆದರೆ ಉಗುಳಲಿಲ್ಲ.

“ಪೀಪಾಯಿಯಲ್ಲಿದ್ದಾಗ ಚೆನ್ನಾಗಿತ್ತು,” ಎಂದ. “ಅಪ್ಪ ಇದ್ದಿದ್ರೆ ಬೆನ್ನು ತಟ್ಟೋರು. ಹಾಗಿತ್ತು. ಅಂಗಡಿಗೆ ಕಳಿಸಿದ ಮೇಲೆ ಒಂದು ದಿನ ಊಟದ ಹೊತ್ತಿಗೆ ತೆಗೆದೆ. ಎರಡನೇ ಗುಟುಕಿಗೆ ಅವಳು ಬಂದು ಎದುರಿಗೆ ಕೂತ ಹಾಗಾಯ್ತು. ಆಮೇಲೆ ಮುಟ್ಟಿಲ್ಲ.”

ಅವನು ಕುರ್ಚಿ ಎಳೆದುಕೊಂಡು ಕೂತ. ಕೂತ ಮೇಲೆ ಅಷ್ಟು ದೊಡ್ಡ ಆಳು ಸಣ್ಣವನಾಗಿ ಕಂಡ.

“ಅವಳು ಕೊಯ್ಯೋಣ ಅಂತ ವಾರದಿಂದ ಹೇಳ್ತಿದ್ಳು. ನಾನೇ ತಡಿ ತಡಿ ಅಂದೆ. ಕೊಯ್ಯೋ ಜನ ಬೇರೆ ತೋಟಕ್ಕೆ ಹೊರಟುಹೋದ್ರು. ಆಮೇಲೆ ಗುಡ್ಡದ ಆಚೆ ಕಡೆಯಿಂದ ಬೆಂಕಿ ಬಂತು. ಅವಳು ಹಚ್ಚಿದ್ದಲ್ಲ. ಯಾರು ಹಚ್ಚಿದ್ದೋ, ಆಚೆಯಿಂದ ಬಂತು. ಅಗ್ನಿಶಾಮಕದವರು ಎಲ್ಲರೂ ಇಳೀರಿ ಅಂತ ಮೈಕಿನಲ್ಲಿ ಕೂಗ್ತಿದ್ರು. ನಾವಿಬ್ಬರೂ ಹತ್ತಿದ್ವಿ.”

“ಯಾರು ಹತ್ತೋಣ ಅಂದಿದ್ದು?”

“ನಾನು.” ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. “ಅಪ್ಪ ಮೊದಲು ನೆಟ್ಟ ಬಳ್ಳಿಗಳು ಅಲ್ಲಿದ್ವು. ಬಳ್ಳಿ ಉಳಿಯಲ್ಲ ಅಂತ ಗೊತ್ತಿತ್ತು. ಹಣ್ಣಾದ್ರೂ ಉಳಿಸೋಣ ಅಂದೆ. ಬಾಯಿಗೆ ಒದ್ದೆ ಬಟ್ಟೆ ಕಟ್ಕೊಂಡು ಕೊಯ್ದ್ವಿ. ಅವಳು ನನಗಿಂತ ಎರಡರಷ್ಟು ಬೇಗ ಕೊಯ್ತಾಳೆ. ಮಧ್ಯೆ ಒಂದ್ಸಲ ನಕ್ಕಳು ಕೂಡ. ‘ಅಣ್ಣಾ, ಅಪ್ಪ ನೋಡಿದ್ರೆ ಇಬ್ಬರಿಗೂ ಒದೀತಿದ್ರು’ ಅಂತ.”

“ಆಮೇಲೆ?”

“ಗಾಳಿ ತಿರುಗಿತು. ಕೊನೇ ಲೋಡು ಟ್ರ್ಯಾಕ್ಟರ್‌ಗೆ ಹಾಕಿದ್ವಿ. ಹತ್ತು ಅಂದೆ. ತೊಟ್ಟಿಯ ನೀರು ಬಿಟ್ಟು ಬರ್ತೀನಿ, ನೆಲ ಒದ್ದೆಯಾದ್ರೆ ಬೆಂಕಿ ತಡೆಯುತ್ತೆ, ಕಾಲುದಾರಿಯಲ್ಲಿ ಓಡಿ ಬಂದ್ರೆ ನಿನಗಿಂತ ಮುಂಚೆ ಮನೆಯಲ್ಲಿರ್ತೀನಿ, ನೀನು ಹೋಗು ಅಂದ್ಳು. ನಾನು ಒಬ್ಬನೇ ಇಳಿಸ್ಕೊಂಡು ಬಂದೆ. ಕೆಳಗೆ ಕಾದೆ. ಬರಲಿಲ್ಲ.”

“ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಇಳೀರಿ ಅಂದ ಮೇಲೂ ಬೆಂಕಿಯೊಳಗೆ ತಂಗಿಯನ್ನ ಹತ್ತಿಸಿದೋನು ಅಂದ್ರೆ ಬಿಡ್ತಿದ್ರಾ? ನಾನು ಒಳಗೆ ಹೋದ್ರೆ ಅಮ್ಮನ್ನ ಯಾರು ನೋಡ್ಕೋಬೇಕು? ಹೋದವಳಿಗೆ ಇನ್ನೇನಾಗ್ಬೇಕು ಅಂದ್ಕೊಂಡೆ. ಒಂದು ಮಾತು ತಾನೇ, ಅವಳಿಗೆ ಕೇಳಿಸಲ್ವಲ್ಲ ಅಂದ್ಕೊಂಡೆ.”

“ಅವಳ ಗಂಡನಿಗೆ ಕೇಳಿಸಿತು. ಮನೆ ಸುಟ್ಟವರಿಗೆ ಕೇಳಿಸಿತು,” ಪತ್ತೇದಾರ ದನಿ ಏರಿಸಲಿಲ್ಲ. “ನೀವು ಅವಳನ್ನ ಎರಡು ಸಲ ಬಿಟ್ಟು ಬಂದ್ರಿ. ಒಂದ್ಸಲ ಗುಡ್ಡದ ಮೇಲೆ, ಇನ್ನೊಂದ್ಸಲ ಠಾಣೆಯಲ್ಲಿ.”

ಅಣ್ಣ ತಲೆ ತಗ್ಗಿಸಿದ. ಭುಜಗಳು ಅಲುಗಿದವು. ಅಳುವ ಸದ್ದು ಬರಲಿಲ್ಲ. ಪಕ್ಕದ ಕೋಣೆಗೆ ಕೇಳಿಸದ ಹಾಗೆ ಅಳುವುದನ್ನು ಅವನು ಈ ವರ್ಷದಲ್ಲಿ ರೂಢಿ ಮಾಡಿಕೊಂ‍ಡಿದ್ದ.

ಆದರೂ ಕೋಣೆಯ ಬಾಗಿಲು ತೆರೆಯಿತು.

ನಡೆಯಲು ಆಸರೆಯಾದ ಕಬ್ಬಿಣದ ಚೌಕಟ್ಟನ್ನು ಮುಂದೆ ಮುಂದೆ ಇಡುತ್ತ ಮುದಿ ತಾಯಿ ಬಂದರು. ಬೆಳ್ಳಗಿನ ಕೂದಲು, ಹೆಗಲ ಮೇಲೆ ಮಗಳದಿರಬೇಕಾದ ಹಸಿರು ಸ್ವೆಟರ್.

“ಪುಟ್ಟಿ ಇಳಿದು ಬಂದಳಾ?”

ಅಣ್ಣ ಮುಖ ಒರೆಸಿಕೊಂಡು ಎದ್ದ. “ಬರ್ತಾಳಮ್ಮ. ಪೇಟೆಗೆ ಹೋಗಿದಾಳೆ.” ಪತ್ತೇದಾರನ ಕಡೆ ತಿರುಗಿ ಮೆಲ್ಲಗೆ ಹೇಳಿದ, “ಮರೆವು. ದಿನಾ ಹೇಳಿದ್ರೆ ದಿನಾ ಹೊಸದಾಗಿ ಅಳ್ತಾರೆ. ಅದಕ್ಕೆ ಹೇಳೋದನ್ನೇ ಬಿಟ್ಟೆ.”

“ಇವರು ಯಾರು?”

“ವೈನ್ ನೋಡೋಕೆ ಬಂದಿದಾರೆ.”

“ಕುಡಿ ಮಗಾ, ಕುಡಿ. ನಮ್ಮ ಯಜಮಾನರು ನೆಟ್ಟಿದ್ದು. ಬೇರೆಯವರ ಹಾಗೆ ಬಣ್ಣ ಕಟ್ಟಿ ಮಾಡಿದ್ದಲ್ಲ.” ತಾಯಿ ಕಿಟಕಿಯತ್ತ ನೋಡಿದರು. ಹಣೆ ಸುಕ್ಕಾಯಿತು. “ಇವಳದ್ದು ಯಾವಾಗಲೂ ಇದೇ ಆಯ್ತು. ಅಳಿಯ ಬಂದು ಎಷ್ಟು ಹೊತ್ತಾಯ್ತು, ಇವಳ ಸುಳಿವೇ ಇಲ್ಲ.”

ಪತ್ತೇದಾರ ಅವರ ಹತ್ತಿರ ಹೋದ. “ಅಳಿಯ ಎಲ್ಲಿಂದ ಬಂದ್ರಮ್ಮ?”

“ಮೇಲಿಂದ. ತೋಟದಿಂದ. ಕಾಲುದಾರಿ ಹಿಡ್ಕೊಂಡು ಬಂದ. ಮುಖ ಎಲ್ಲ ಮಸಿ. ಹಿತ್ತಲ ನಲ್ಲಿಯಲ್ಲಿ ತೊಳ್ಕೊಂಡ. ನಾನೇ ಟವಲು ಕೊಟ್ಟೆ. ಪುಟ್ಟಿ ಎಲ್ಲಪ್ಪ ಅಂದೆ. ಹಿಂದೇ ಬರ್ತಿದಾಳೆ ಅತ್ತೆ ಅಂದ.”

ಅಣ್ಣ ತಾಯಿಯ ಕಡೆ ಒಂದು ಹೆಜ್ಜೆ ಇಟ್ಟ.

“ಅವನು ಅಲ್ಲಿದ್ದನಾ?” ಅಣ್ಣನ ದನಿ ಬದಲಾಗಿತ್ತು. “ಅಮ್ಮಾ, ಯಾವತ್ತು? ಬೆಂಕಿ ಬಿದ್ದ ದಿನಾನಾ?”

“ಮತ್ಯಾವತ್ತು ಮಸಿ ಆಗುತ್ತೆ?” ಎಂದರು ತಾಯಿ, ದಡ್ಡ ಮಗನಿಗೆ ಹೇಳುವ ಹಾಗೆ.

ಅಣ್ಣ ಪತ್ತೇದಾರನತ್ತ ತಿರುಗಿದ. ಕಣ್ಣು ಇನ್ನೂ ಒದ್ದೆಯಿತ್ತು, ಆದರೆ ಅದರ ಹಿಂದೆ ಬೇರೇನೋ ಎದ್ದು ನಿಂತಿತ್ತು. “ಕೇಳಿದ್ರಾ? ಅಂಗಡಿಯಲ್ಲಿ ಹೊಲೀತಿದ್ದೆ, ಸೈರನ್ ಕೇಳಿದ ಮೇಲೆ ಗೊತ್ತಾಯ್ತು ಅಂದಿದ್ದ ತಾನೇ? ನಿಮ್ಮ ಕಕ್ಷಿದಾರ! ಹೆಂಡತಿಯನ್ನ ಬೆಂಕಿಯಲ್ಲಿ ಬಿಟ್ಟು ಬಂದು ಮುಖ ತೊಳ್ಕೊಂಡೋನು ಅವನು. ನನ್ನ ಕೇಳೋಕೆ ಬಂದಿದೀರಾ ನೀವು?”

ಪತ್ತೇದಾರ ಹೊರಗೆ ನಡೆದ. ಹೌದು, ಅಂಗಡಿಯಲ್ಲಿದ್ದೆ ಎಂದೇ ದರ್ಜಿ ಹೇಳಿದ್ದ, ಮೊದಲ ದಿನವೇ, ಕೇಳುವ ಮುಂಚೆಯೇ. ಕೇಳದೆ ಕೊಟ್ಟ ಉತ್ತರವನ್ನು ಇಷ್ಟು ವರ್ಷದ ಅನುಭವವಿದ್ದೂ ತಾನು ಜೇಬಿಗೆ ಹಾಕಿಕೊಂಡು ಸುಮ್ಮನಾಗಿದ್ದ. ಅಂಗಳ ದಾಟುವಾಗ ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಯಾಸವೆನಿಸಿತು. ಆ ಮನುಷ್ಯನ ಮೇಲೆ ಅವನಿಗೆ ಮರುಕ ಹುಟ್ಟಿತ್ತು. ಮರುಕ ಹುಟ್ಟಿದ ಕಡೆ ಕಣ್ಣು ಮಂಜಾಗುತ್ತದೆ.

ಕಾರಿನ ಕಿಟಕಿಯ ಬಳಿ ಬಗ್ಗಿದ.

“ಆವತ್ತು ನೀನು ಗುಡ್ಡದ ಮೇಲಿದ್ದೆ.”

ದರ್ಜಿ ಅವನನ್ನು ನೋಡಿದ. ಸುಳ್ಳು ಹೇಳುವವನ ಗಾಬರಿ ಅವನ ಮುಖದಲ್ಲಿರಲಿಲ್ಲ. ಹೊತ್ತ ಹೊರೆಯನ್ನು ಯಾರೋ ಕೊನೆಗೂ ಗಮನಿಸಿದರಲ್ಲ ಎನ್ನುವಂತಿತ್ತು.

“ಅತ್ತೆ ಹೇಳಿದ್ರಾ?”

“ಹೌದು.”

“ಅವರಿಗೆ ನೆನಪಿರಲ್ಲ ಅಂದ್ಕೊಂಡಿದ್ದೆ.”

ಅವನು ಬಾಗಿಲು ತೆರೆದು ಇಳಿದ. ಗೇಟಿನ ಹತ್ತಿರ ಒಂದು ಕ್ಷಣ ನಿಂತು, ಆಮೇಲೆ ದಾಟಿದ.

ಶೆಡ್ಡಿನೊಳಗೆ ಅಣ್ಣ ಎದ್ದು ನಿಂತಿದ್ದ. ಭಾವಂದಿರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ತಾಯಿಯ ಮುಖ ಮಾತ್ರ ಬೆಳಗಿತು.

“ಬಂದೆಯಾ ಅಪ್ಪಾ? ಪುಟ್ಟಿ ಎಲ್ಲಿ?”

ದರ್ಜಿ ನೇರವಾಗಿ ಹೋಗಿ ಅವರ ಮುಂದೆ ಮಂಡಿಯೂರಿ ಕೂತ. ಅವರ ಎರಡೂ ಕೈಗಳನ್ನು ಹಿಡಿದುಕೊಂಡ.

“ಅತ್ತೆ, ಹಿಂದೇ ಬರ್ತಿದಾಳೆ ಅಂತ ಆವತ್ತು ಹೇಳಿದೆನಲ್ಲ. ಸುಳ್ಳು ಹೇಳಲಿಲ್ಲ. ನಿಜ ಅಂತಲೇ ನಂಬಿದ್ದೆ.”

“ನಂಬಿದ್ದನಂತೆ!” ಅಣ್ಣ ಕೂಗಿದ. “ಬಿಟ್ಟು ಓಡಿ ಬಂದೋನು...”

“ಸ್ವಲ್ಪ ಸುಮ್ನಿರಿ,” ಎಂದ ಪತ್ತೇದಾರ. ಆಮೇಲೆ ದರ್ಜಿಗೆ, “ಹೇಳು.”

“ಪೇಟೆಯಿಂದ ಹೊಗೆ ಕಾಣಿಸ್ತು ಸಾರ್. ಅಂಗಡಿ ತೆರೆದಿಟ್ಟೇ ಓಡಿದೆ. ಕಾಲುದಾರಿಯಲ್ಲಿ ಹತ್ತಿದೆ. ಮೇಲಿನ ಬೇಲಿ ತನಕ ಹೋದೆ. ಕೂಗಿದೆ, ಬೆಂಕಿಯ ಸದ್ದಿಗೆ ನನ್ನ ದನಿ ನನಗೇ ಕೇಳಿಸಲಿಲ್ಲ. ಅಷ್ಟರಲ್ಲಿ ಹೊಗೆ ಒಂದು ಕಡೆ ಸರೀತು. ಟ್ರ್ಯಾಕ್ಟರ್ ಹೊರಟಿತ್ತು. ತಲೆಗೆ ಕಟ್ಟಿದ ಹಳದಿ ಬಟ್ಟೆ ಕಾಣಿಸ್ತು. ನಾನೇ ಹೊಲಿದು ಕೊಟ್ಟಿದ್ದು. ಅವಳು ಕೂತಿದ್ಳು. ಟ್ರ್ಯಾಕ್ಟರ್‌ನಲ್ಲಿ, ಭಾವನ ಪಕ್ಕದಲ್ಲಿ. ಜೀವ ಬಂತು ನನಗೆ. ಟ್ರ್ಯಾಕ್ಟರ್ ರಸ್ತೆ ನೀರಿನ ತೊಟ್ಟಿ ಬಳಸಿಕೊಂಡು ಹೋಗೋ ಸುತ್ತು ದಾರಿ, ನಾನು ಕಾಲುದಾರಿಯಲ್ಲಿ ಮೊದಲು ಇಳಿದೆ. ಅದಕ್ಕೇ ಹಿಂದೇ ಬರ್ತಿದಾಳೆ ಅಂದೆ.”

ಅತ್ತೆಯ ಕೈಗಳನ್ನು ಅವನು ಇನ್ನೂ ಬಿಟ್ಟಿರಲಿಲ್ಲ.

“ಮುಖ ತೊಳ್ಕೊಂಡು, ಅಂಗಡಿ ಮುಚ್ಚಿ ಬರೋಣ ಅಂತ ಪೇಟೆಗೆ ಹೋದೆ. ವಾಪಸ್ ಬರೋಷ್ಟರಲ್ಲಿ ಮೇಲೆ ತೊಟ್ಟಿ ಹತ್ತಿರ ಸಿಕ್ಕಿದಾಳೆ ಅಂದ್ರು. ಇವನು ಅವಳು ಒಬ್ಬಳೇ ಹೋಗಿದ್ಳು ಅಂತ ಬರೆಸಿದ್ದ. ನಾನು ಕಂಡಿದ್ದನ್ನ ಹೇಳಿದ್ರೆ ಯಾರು ನಂಬ್ತಿದ್ರು ಸಾರ್? ಒಬ್ಬನೇ ಇಳಿದು ಬಂದ ಗಂಡನ ಮಾತು. ಅದಕ್ಕೇ ನಿಮ್ಮ ಹತ್ತಿರ ಬಂದೆ. ನಾನು ಹೇಳದೇನೇ ನೀವಾಗೇ ಇಲ್ಲಿ ತನಕ ಬರ್ಲಿ ಅಂತ.”

ಪತ್ತೇದಾರ ನಿಧಾನವಾಗಿ ಅಣ್ಣನ ಕಡೆ ತಿರುಗಿದ. ಸ್ವಲ್ಪ ಹೊತ್ತಿನ ಮುಂಚೆ ಅಷ್ಟು ಅಳು ಅತ್ತ ಮುಖ ಅದು. ಆ ಅಳು ಸುಳ್ಳಲ್ಲ ಎಂದು ಅವನು ಈಗಲೂ ಆಣೆ ಮಾಡಬಲ್ಲವನಾಗಿದ್ದ. ಈಗ ಆ ಮುಖದಲ್ಲಿ ರಕ್ತವಿರಲಿಲ್ಲ.

“ಹೊಗೆಯಲ್ಲಿ ಅವನಿಗೆ ಏನು ಕಾಣಿಸಿರುತ್ತೆ?” ಅಣ್ಣ ಒಣಗಿದ ತುಟಿಯಲ್ಲಿ ಹೇಳಿದ. “ಹಣ್ಣಿನ ಕ್ರೇಟಿನ ಮೇಲೆ ಹೊದಿಸಿದ ಬಟ್ಟೆ ಇರ್ಬೇಕು. ಅವಳು ಹತ್ತಲೇ ಇಲ್ಲ.”

ತಾಯಿ ಅಳಿಯನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು. ಚೌಕಟ್ಟು ಹಿಡಿದು, ಯಾರ ನೆರವೂ ಇಲ್ಲದೆ, ಮಗನ ಹತ್ತಿರ ನಡೆದು ಬಂದರು. ಅವರ ಕಣ್ಣುಗಳಲ್ಲಿ ಇಷ್ಟು ಹೊತ್ತೂ ಇದ್ದ ಮಬ್ಬು ಇರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದ ಚಿಕ್ಕ ಹುಡುಗನ ಗಲ್ಲ ಹಿಡಿಯುವ ಹಾಗೆ ಅವನ ಗಲ್ಲ ಹಿಡಿದು, ಮುಖವನ್ನು ತಮ್ಮತ್ತ ತಿರುಗಿಸಿಕೊಂಡರು.

“ಅವಳನ್ನ ಎಲ್ಲಿ ಇಳಿಸಿದೆ, ಮಗಾ?”